ವೀಲ್‌ಚೇರ್‌ನಲ್ಲಿ ಮಾಲ್ಡೀವ್ಸ್: ಹೋಗಿಬಂದವರು ಇದ್ದೀರಾ?

ಎಲ್ಲರಿಗೂ ಶರಣು. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಬರುವ ಫೆಬ್ರವರಿಗೆ ನಮ್ಮ ಮದುವೆಗೆ 25 ವರ್ಷ. ಈ ಸಲ ಕಂಜೂಸ್‌ತನ ಬೇಡ, ಮಾಲ್ಡೀವ್ಸ್‌ಗೇ ಹೋಗೋಣ ಅಂತ ಯಜಮಾನರು ಹಟ ಹಿಡಿದಿದ್ದಾರೆ. ನಾನು ವೀಲ್‌ಚೇರ್‌ನಲ್ಲೇ ಇರುವವಳು. ಎದ್ದು ನಿಲ್ಲಲು ಆಗುವುದಿಲ್ಲ.

ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಮಾಲ್ಡೀವ್ಸ್ ರಾಜಧಾನಿ ಮಾಲೆ. ಅಷ್ಟು ಹೇಗೋ ಆಗುತ್ತದೆ. ನಮ್ಮವರಿಗೆ ಅಲ್ಲಿ ಇಳಿದ ಮೇಲೆ ವೀಸಾ ಪುಕ್ಕಟೆ, ಅದೂ ಚಿಂತೆಯಿಲ್ಲ. ಭಯ ಇರುವುದು ಆಮೇಲಿನದ್ದು. ದೂರದ ಹಲವು ರೆಸಾರ್ಟ್‌ಗಳಿಗೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನವೇ ಗತಿ. ಅದರ ಮೆಟ್ಟಿಲು ಇಕ್ಕಟ್ಟು, ಸಿಬ್ಬಂದಿ ಎತ್ತಿಕೊಂಡೇ ಹತ್ತಿಸಬೇಕಂತೆ. ಹಗಲಲ್ಲಿ ಮಾತ್ರ ಹಾರುತ್ತದೆ, ಸಂಜೆ ತಲುಪಿದರೆ ರಾತ್ರಿ ಮಾಲೆಯಲ್ಲೇ. ಅದಕ್ಕೇ ಸ್ಪೀಡ್‌ಬೋಟ್ ಹೋಗುವ ಹತ್ತಿರದ ದ್ವೀಪ ನೋಡುತ್ತಿದ್ದೇವೆ. ಆದರೆ ಅಲೆಗೆ ಓಲಾಡುವ ಬೋಟಿನಿಂದ ಕಟ್ಟೆಗೆ ಕುರ್ಚಿ ಹೇಗೆ ದಾಟಿಸುತ್ತಾರೆ?

ಹೋದ ವರ್ಷ ಗೋವಾದ ಒಂದು ಹೋಟೆಲ್‌ನವರು ಫೋನಿನಲ್ಲಿ "ಎಲ್ಲಾ ಅನುಕೂಲ ಇದೆ ಮೇಡಂ" ಅಂದಿದ್ದರು. ಹೋಗಿ ನೋಡಿದರೆ ಬಾತ್‌ರೂಮ್ ಬಾಗಿಲು 24 ಇಂಚು, ನನ್ನ ಕುರ್ಚಿ 26! ಮೂರು ದಿನ ಪಟ್ಟ ಪಾಡು ಬೇಡ ಬಿಡಿ. ಈಗ ಅಳತೆ ಟೇಪ್ ಹಿಡಿದ ಫೋಟೊ ಕಳಿಸಿ ಅಂತ ಕೇಳುತ್ತಿದ್ದೇನೆ. ಅರ್ಧ ಜನ ಉತ್ತರವನ್ನೇ ಕೊಡುವುದಿಲ್ಲ.

ಹೋಗಿಬಂದವರು ಹೇಳಿ: ನೀರಿನ ಮೇಲಿನ ಕೋಣೆ ಒಳ್ಳೆಯದಾ, ದಡದ ಮೇಲಿನದ್ದಾ? ಮರಳಿನಲ್ಲಿ ಓಡುವ ದಪ್ಪ ಗಾಲಿಯ ಕುರ್ಚಿ ಅಲ್ಲಿ ನಿಜವಾಗಿ ಸಿಗುತ್ತದಾ? ಒಮ್ಮೆ ಸಮುದ್ರದಲ್ಲಿ ಕಾಲು ಅದ್ದಬೇಕು ನನಗೆ, ಸುಮ್ನೆ ದೂರದಿಂದ ನೋಡಿ ಬರಲು ಇಷ್ಟು ದುಡ್ಡು ಯಾಕೆ, ಅಲ್ವಾ?