ಮೊನಿಷಾ ದಡ್ಡಿಯೋ, ಬೇರೆ ಮನೆಯಲ್ಲಿ ಬೆಳೆದವಳೋ?

ಮಾಟುಂಗ ಕಿಟಕಿ:
ನೋಡದವರಿಗೆ ಎರಡು ಸಾಲು. ‘ಸಾರಾಭಾಯ್ ವರ್ಸಸ್ ಸಾರಾಭಾಯ್’ 2004ರ ನವೆಂಬರ್‌ನಲ್ಲಿ ಸ್ಟಾರ್ ಒನ್ ವಾಹಿನಿಯಲ್ಲಿ ಶುರುವಾದ ಹಿಂದಿ ಹಾಸ್ಯ ಧಾರಾವಾಹಿ. ನಮ್ಮ ಮುಂಬಯಿಯ ಕಫ್ ಪರೇಡ್‌ನಲ್ಲಿ ಒಂದು ಸಿರಿವಂತ ಗುಜರಾತಿ ಮನೆ. ಅತ್ತೆ ಮಾಯಾ (ರತ್ನಾ ಪಾಠಕ್ ಶಾ), ಮಾವ ಇಂದ್ರವದನ್ (ಸತೀಶ್ ಶಾ), ಹಿರಿಮಗ ಸಾಹಿಲ್ ಕಾಸ್ಮೆಟಿಕ್ ಸರ್ಜನ್, ಕಿರಿಮಗ ರೋಸೇಶ್ ಕವಿ ಮತ್ತು ನಟ. ಎದುರು ಫ್ಲ್ಯಾಟಿನಲ್ಲಿ ಸಾಹಿಲ್ ಮತ್ತವನ ಹೆಂಡತಿ ಮೊನಿಷಾ (ರೂಪಾಲಿ ಗಂಗೂಲಿ). ಅವಳು ನೋಯ್ಡಾದ ಮಧ್ಯಮವರ್ಗದ ಹುಡುಗಿ.

ನನ್ನ ವಾದ: ಮೊನಿಷಾಳನ್ನು ದಡ್ಡಿ ಅನ್ನೋದು ತಪ್ಪು. ಅವಳಿಗೆ ಗೊತ್ತಿಲ್ಲದ್ದು ಮಾಯಾ ಮನೆಯ ರೀತಿರಿವಾಜು, ಅಷ್ಟೇ. ಅವಳ ಚೌಕಾಸಿಯನ್ನೇ ತಗೊಳ್ಳಿ. ಅಂಗಡಿಗೆ ಕಾಲಿಡೋ ಮೊದಲೇ ಎಷ್ಟರ ಮೇಲೆ ಒಂದು ಪೈಸೆ ಕೊಡಲ್ಲ ಅಂತ ನಿಶ್ಚಯ ಮಾಡಿಕೊಂಡಿರಬೇಕು. ಬೇಕಾದ ಸಾಮಾನು ಬಿಟ್ಟು ಪಕ್ಕದ್ದರ ಬೆಲೆ ಮೊದಲು ಕೇಳಬೇಕು. ಅವನು 800 ಅಂದರೆ 300ರಿಂದ ಶುರು ಮಾಡಿ, ಇಪ್ಪತ್ತೈದರಂತೆ ಎರಡೇ ಸಲ ಏರಿಸಿ, ಮೂರನೇ ಸಲಕ್ಕೆ ಹೊರಟುಬಿಡಬೇಕು. ಹೊರಟ ಮೇಲೆ ತಿರುಗಿ ನೋಡಿದರೆ ಕೆಲಸ ಕೆಟ್ಟಿತು. ಇದರಲ್ಲಿ ಲೆಕ್ಕ ಇದೆ, ಎದುರಿನವನ ಮನಸ್ಸು ಓದೋದು ಇದೆ, ಆಸೆ ತಡೆಯೋದು ಇದೆ. ಮಾಯಾ ಇದನ್ನು ‘ಮಿಡ್ಲ್ ಕ್ಲಾಸ್’ ಅಂತಾಳೆ, ನೋಡುವವರು ಅದನ್ನೇ ‘ದಡ್ಡತನ’ ಅಂತ ಕೇಳಿಸಿಕೊಳ್ತಾರೆ.

ಕಡಲತಡಿ:
ಚೌಕಾಸಿಗೆ ಬುದ್ಧಿ ಬೇಕು, ಒಪ್ಪಿದೆ. ಆದರೆ ಸೇಲ್ ಬೋರ್ಡ್ ಕಂಡ ಕೂಡ್ಲೇ ಆ ಬುದ್ಧಿ ಎಲ್ಲಿಗೆ ಹೋಗ್ತದೆ ಮಾರಾಯ್ರೇ? ಒಂದು ಲೆಕ್ಕ ನೋಡಿ. 450 ರೂಪಾಯಿಯ ನೈಟಿ, ಎರಡು ಕೊಂಡರೆ ಒಂದು ಫ್ರೀ. 900ಕ್ಕೆ ಮೂರು, ಅಂದರೆ ಒಂದಕ್ಕೆ 300. ಪಕ್ಕದ ಅಂಗಡಿಯಲ್ಲಿ ಅದೇ ನೈಟಿಗೆ ಶೇಕಡಾ 40 ಕಡಿತ, ಅಂದರೆ 270. ‘ಫ್ರೀ’ ಅಂತ ಬರೆದ ಕಡೆಯೇ ದುಬಾರಿ. ಬೇಕಾದ್ದು ಒಂದೇ ಆಗಿದ್ದರೆ ಕೈಯಿಂದ 630 ಹೆಚ್ಚು ಹೋಯಿತು. ಮೊನಿಷಾ ಯಾವ ಅಂಗಡಿಗೆ ನುಗ್ತಾಳೆ ಅಂತ ನಿಮಗೂ ಗೊತ್ತುಂಟು. ಬೆಳೆದ ಮನೆಯ ಹೆಸರು ಹೇಳಿ ಎಲ್ಲವನ್ನೂ ಮಾಫಿ ಮಾಡ್ಲಿಕ್ಕೆ ಆಗುದಿಲ್ಲ.

ಮಾಟುಂಗ ಕಿಟಕಿ:
630ರ ಲೆಕ್ಕ ಸರಿ. ಆದರೆ ಆ ಅಭ್ಯಾಸ ಎಲ್ಲಿಂದ ಬಂತು ಕೇಳಿ. ತಿಂಗಳ ಸಂಬಳದಲ್ಲಿ ನಡೆಯೋ ಮನೆಯಲ್ಲಿ ‘ಅಗ್ಗಕ್ಕೆ ಸಿಕ್ಕಾಗ ತುಂಬಿಡು’ ಅನ್ನೋದು ಸರಿಯಾದ ನಿಯಮ. ಸಾಬೂನು, ಬೇಳೆ, ಶಾಲೆ ಯೂನಿಫಾರ್ಮಿನ ಬಟ್ಟೆಗೆ ಅದು ಇವತ್ತಿಗೂ ಸರಿ. ಕೆಡುವ ಸಾಮಾನಿಗೆ, ಬಳಸದ ಸಾಮಾನಿಗೆ ಅದನ್ನೇ ಹಚ್ಚಿದಾಗ ಎಡವುತ್ತೆ. ನಿಯಮ ಕಲಿತ ಜಾಗ ಬೇರೆ, ಬಳಸೋ ಜಾಗ ಬೇರೆ. ಅದು ದಡ್ಡತನ ಅಲ್ಲ.

ಕೊಥ್ರೂಡ ಮಾಸ್ತರ:
ಇಬ್ರೂ ಬುದ್ಧಿ ಅಳಿಯಾಕ ಹತ್ತೀರಿ, ಅಳತಿಗೋಲು ಯಾರ ಮನಿದು ಅಂತ ಯಾರೂ ಕೇಳವಲ್ರಿ. ಈ ಪ್ರಶ್ನೆ ನಮ್ಮ ಕನ್ನಡ ಮಕ್ಕಳ ಮ್ಯಾಲೇ ಎದ್ದದ್ದು ಅದ. ಫ್ರಾನ್ಸಿನ ಬಿನೇ ಮತ್ತ ಸಿಮೋನ್ 1905ರಾಗ ಬುದ್ಧಿ ಪರೀಕ್ಷೆ ಮಾಡಿದ್ರು, ಅಮೆರಿಕಾದಾಗ ಟರ್ಮನ್ 1916ರಾಗ ಅದನ್ನ ತಿದ್ದಿದ. 1930ರ ದಶಕದಾಗ ವಿ. ವಿ. ಕಾಮತರು ಅದನ್ನ ಕನ್ನಡ ಮತ್ತ ಮರಾಠಿ ಮಕ್ಕಳಿಗೆ ಹೊಂದಿಸಿದ್ರು. ಹೊಂದಸೂದು ಅಂದ್ರ ಬರೇ ಅನುವಾದ ಅಲ್ರಿ. ಅಲ್ಲಿ 8 ವರ್ಷದ ಕೂಸಿಗೆ ಇಟ್ಟ ಪ್ರಶ್ನೆಯನ್ನ ಇಲ್ಲಿ ಬ್ಯಾರೆ ಬ್ಯಾರೆ ವಯಸ್ಸಿನ ಮಕ್ಕಳಿಗೆ ಕೇಳಬೇಕು. ಹೆಚ್ಚಿನ ಮಕ್ಕಳು ಯಾವ ವಯಸ್ಸಿಗೆ ಉತ್ತರ ಕೊಡತಾರೋ ಆ ವಯಸ್ಸಿನ ಪಟ್ಟಿಗೆ ಅದನ್ನ ಸರಸಬೇಕು. ಆಮ್ಯಾಲೆ ಮಾನಸಿಕ ವಯಸ್ಸನ್ನ (ಕೂಸು ಮುಟ್ಟಿದ ಪಟ್ಟಿಯ ವಯಸ್ಸು) ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸೂದು. 10 ವರ್ಷದ ಹುಡುಗಿ 12ರ ಪಟ್ಟಿ ಮುಟ್ಟಿದ್ರ ಆಕಿ ಐಕ್ಯೂ, ಅಂದ್ರ ಬುದ್ಧಿಯ ಅಂಕ, 120. ಪ್ರಶ್ನೆ ಸರಸಲಾರದ ಹಂಗ ಇಟ್ರ, ತಪ್ಪು ಪಟ್ಟಿದು, ಹೆಸರು ಕೆಡೂದು ಹುಡುಗಿದು.

ಮಾಯಾ ಮಾಡೂದು ಇದನ್ನ. ಕಫ್ ಪರೇಡಿನ ಪಟ್ಟಿ ಹಿಡದು ನೋಯ್ಡಾದ ಹುಡುಗಿಗೆ ಅಂಕ ಕೊಡತಾಳ. ಇನ್ನೊಂದು ನೋಡ್ರಿ: ಆಕಿ ತವರುಮನಿ ಹೆಸರು ಮನೀಷಾ. ಅದು ತೀರಾ ಮಧ್ಯಮವರ್ಗದ ಹೆಸರು ಅಂತ ಅತ್ತಿ ಅದನ್ನ ‘ಮೊನಿಷಾ’ ಮಾಡ್ಯಾಳ. ಮನೀಷಾ ಅಂದ್ರ ಬುದ್ಧಿ. ಸೊಸಿ ಹೆಸರಿನೊಳಗಿನ ಬುದ್ಧಿ ತಗದು ಬರೇ ಸಪ್ಪಳ ಉಳಿಸ್ಯಾಳ.

ಮುಲುಂಡ್ ಪಶ್ಚಿಮ:
ಹೆಸರಿನ ವಿಷಯ ನನಗೆ ಹೊಳೆದಿರಲಿಲ್ಲ ಮಾಸ್ತರ್. ಆದರೆ ನಿಮ್ಮ ವಾದಕ್ಕೂ ಕಿಟಕಿಯವರ ವಾದಕ್ಕೂ ಒಂದು ತಕರಾರಿದೆ. ಬುದ್ಧಿ ಒಂದು ಕಡೆ, ಬೆಳೆಸಿದ ರೀತಿ ಇನ್ನೊಂದು ಕಡೆ ಅಂತ ಗೆರೆ ಎಳೆಯೋಕೆ ಆಗಲ್ಲ. ಮಾತೇ ಬೇಡದ ಪರೀಕ್ಷೆ ಅಂತ ಬ್ರಿಟಿಷ್ ಮನೋವಿಜ್ಞಾನಿ ರೇವನ್ 1938ರಲ್ಲಿ ಚಿತ್ರವಿನ್ಯಾಸಗಳನ್ನು ತಂದರು. 12ರಂತೆ 5 ಗುಂಪು, ಒಟ್ಟು 60. ಪ್ರತಿಯೊಂದರಲ್ಲೂ ಬಿಟ್ಟುಹೋದ ತುಂಡು ಹುಡುಕಬೇಕು. ಇದಕ್ಕೆ ಮನೆ, ಶಾಲೆ ತಾಗೋದಿಲ್ಲ ಅಂತ ನಂಬಿಕೆ ಇತ್ತು. ಸಂಶೋಧಕ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಹಲವು ದೇಶಗಳ ಅಂಕ ಜೋಡಿಸಿದಾಗ, ತಲೆಮಾರಿನಿಂದ ತಲೆಮಾರಿಗೆ ಅತಿ ಹೆಚ್ಚು ಏರಿದ್ದು ಇಂಥ ಪರೀಕ್ಷೆಗಳಲ್ಲೇ. ಇಷ್ಟು ಬೇಗ ವಂಶವಾಹಿ ಬದಲಾಗಲ್ಲ, ಬದಲಾದದ್ದು ಬದುಕು.

ನನ್ನ ದೃಷ್ಟಿಯಲ್ಲಿ ನಿಜವಾದ ಒಗಟು ಮೊನಿಷಾ ಅಲ್ಲ, ರೋಸೇಶ್. ಒಂದೇ ಮನೆ, ಒಂದೇ ತಾಯ್ತಂದೆ, ಸಾಹಿಲ್ ಸರ್ಜನ್, ತಮ್ಮ ಮಾತ್ರ ಅಮ್ಮನ ಸೆರಗು ಬಿಡದವನು. ಪ್ಲೋಮಿನ್ ಮತ್ತು ಡೇನಿಯಲ್ಸ್ ಅನ್ನೋ ಸಂಶೋಧಕರು 1987ರಲ್ಲಿ ಇದೇ ಪ್ರಶ್ನೆ ಎತ್ತಿದರು: ಒಂದೇ ಮನೆಯ ಮಕ್ಕಳು ಯಾಕಿಷ್ಟು ಬೇರೆ? ಒಂದೇ ಸೂರಿನಡಿ ಪ್ರತಿ ಮಗುವಿಗೂ ಬೇರೆ ಬೇರೆ ಮನೆಯೇ ಸಿಗುತ್ತೆ ಅನ್ನೋದು ಉತ್ತರದ ಒಂದು ಭಾಗ. ರೋಸೇಶನಿಗೆ ಸಿಕ್ಕಿದ ಮನೆ ಹೇಗಿದೆ? ಬರೆದ ಪ್ರತಿ ಕವನಕ್ಕೂ ಅಮ್ಮನ ಹೊಗಳಿಕೆ, ಅಪ್ಪನ ಗೇಲಿ. ಮನೋವಿಜ್ಞಾನಿಗಳಾದ ಮ್ಯೂಲರ್ ಮತ್ತು ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ‘ನೀನು ಜಾಣ’ ಅಂತ ಹೊಗಳಿಸಿಕೊಂಡವರು ಒಂದು ಸಲ ಸೋತ ಮೇಲೆ ಬೇಗ ಕೈಬಿಟ್ಟರು, ಮುಂದಿನ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು. ‘ಚೆನ್ನಾಗಿ ಶ್ರಮಪಟ್ಟೆ’ ಅನ್ನಿಸಿಕೊಂಡವರು ಹಾಗಾಗಲಿಲ್ಲ.

ರೋಸೇಶನಿಗೆ ಬೇಕಿದ್ದದ್ದು ಮೂರನೆಯವರು. ಕವನವನ್ನು ಗಟ್ಟಿಯಾಗಿ ಓದಿಸಿ, ಕೇಳುವವರ ಗಮನ ತಪ್ಪಿದ ಸಾಲಿಗೆ ಗೆರೆ ಹಾಕಿ, ಒಂದೇ ಒಂದು ಉಪಮೆ ತೆಗೆಸಿ, ನಾಳೆ ಮತ್ತೆ ಓದು ಅನ್ನುವವರು. ಒಂದೇ ದಿನ ಹತ್ತು ತಪ್ಪು ತೋರಿಸಿದರೂ ಉಪಯೋಗವಿಲ್ಲ, ಮಗು ಹತ್ತನ್ನೂ ಬಿಟ್ಟು ಮುಖ ನೋಡುತ್ತೆ.

ಥಾಣೆ ಸ್ಕ್ರೂಡ್ರೈವರ್:
ದುಷ್ಯಂತನನ್ನ ಎಲ್ಲರೂ ಮರೆತಿರಿ. ಮಾಯಾಳ ಮಗಳು ಸೋನಿಯಾಳ ಗಂಡ, ಯಾವ ಯಂತ್ರ ಕಂಡರೂ ಬಿಚ್ಚಿ ವಿವರಿಸೋನು. ಆ ಪಾತ್ರ ಮಾಡಿದ ದೇವೆನ್ ಭೋಜಾನಿಯವರೇ ಧಾರಾವಾಹಿಯ ನಿರ್ದೇಶಕರು. ಯಂತ್ರದ ವಿಷಯದಲ್ಲಿ ಆ ಮನೇಲಿ ಅವನಷ್ಟು ತಿಳಿದವರಿಲ್ಲ, ಆದ್ರೂ ಅವನು ಬಂದರೆ ಎಲ್ಲರೂ ಓಡ್ತಾರೆ. ಯಾಕೆ ಅಂತ ಕೆಲಸದ ಕಡೆಯಿಂದ ಹೇಳ್ತೀನಿ. (ಉದಾಹರಣೆ ನನ್ನದು, ಧಾರಾವಾಹಿಯದ್ದಲ್ಲ.) ಮಿಕ್ಸರ್ ತಿರುಗ್ತಿಲ್ಲ. ಮೊದಲು ಪ್ಲಗ್ ತೆಗೆದು ಬೇರೆ ಸಾಕೆಟ್‌ಗೆ ಹಾಕಿ ನೋಡಬೇಕು. ಆಮೇಲೆ ಪ್ಲಗ್ ಕಿತ್ತು, ಜಾರ್ ಅರ್ಧ ಖಾಲಿ ಮಾಡಿ, ಐದು ನಿಮಿಷ ತಣಿಯೋಕೆ ಬಿಟ್ಟು, ತಳದಲ್ಲಿರೋ ಓವರ್‌ಲೋಡ್ ಬಟನ್ ಒತ್ತಬೇಕು. ಚಟ್ನಿಗೆ ನೀರು ಕಡಿಮೆ ಹಾಕಿದ್ದರೆ ಹೆಚ್ಚಿನ ಸಲ ಇಷ್ಟಕ್ಕೇ ಸರಿಹೋಗುತ್ತೆ. ಮೋಟಾರ್ ಸದ್ದು ಬಂದು ಬ್ಲೇಡ್ ತಿರುಗದಿದ್ದರೆ ಜಾರನ್ನ ಮೋಟಾರಿಗೆ ಜೋಡಿಸೋ ಕಪ್ಲರ್‌ನ ಹಲ್ಲು ಸವೆದಿದೆ. ಸದ್ದೇ ಇಲ್ಲ ಅಂದ್ರೆ ಮಾತ್ರ ಬಿಚ್ಚಿ, ಮೋಟಾರೊಳಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ನೋಡಬೇಕು. ದುಷ್ಯಂತನಂಥವರು ಬ್ರಷ್‌ನಿಂದಲೇ ಶುರು ಮಾಡ್ತಾರೆ. ಅವರಿಗೆ ಯಂತ್ರ ಮುಖ್ಯ, ಮನೆಯವರಿಗೆ ಚಟ್ನಿ ಮುಖ್ಯ. ತಿಳಿವಳಿಕೆ ಪೂರ್ತಿ ಇದೆ, ಎದುರಿಗಿರೋರಿಗೆ ಏನು ಬೇಕು ಅಂತ ನೋಡೋ ಕಣ್ಣಿಲ್ಲ.

ಕಡಲತಡಿ:
ಇದು ಸರಿಯಾದ ಮಾತು. ಹಳೇ ಕಾಲದಲ್ಲಿ ಮುಂಬಯಿಯ ಫೋರ್ಟ್ ಪ್ರದೇಶದ ಉಡುಪಿ ಹೋಟೆಲ್‌ಗಳಲ್ಲಿ ಹಗಲು ಟೇಬಲ್ ಒರೆಸಿ ಸಂಜೆ ಕನ್ನಡ ರಾತ್ರಿಶಾಲೆಗೆ ಹೋದ ಹುಡುಗರಿಗೆ ಇದ್ದದ್ದು ಆ ಕಣ್ಣೇ. ಯಾವ ಟೇಬಲಿನವರಿಗೆ ಅವಸರ, ಯಾರಿಗೆ ಎರಡನೇ ಸಾಂಬಾರ್, ಎಲ್ಲ ತಲೆಯಲ್ಲಿ. ಆ ಹುಡುಗರನ್ನು ಮಾಯಾ ಮೇಜಿಗೆ ಕೂರಿಸಿದರೆ ಅವರೂ ದಡ್ಡರೇ.

ಪರದೆಹಿಂದೆ:
ಬರವಣಿಗೆಯ ಕಡೆಯಿಂದ ಒಂದು ಮಾತು. ಅರ್ಧಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಉಳಿಯೋದು ಸುಮಾರು 22 ನಿಮಿಷ. ಪಾತ್ರ ದಡ್ಡವೋ ಅಲ್ಲವೋ ತಿಳಿಯೋಕೆ ಯಾವುದೇ ಕಂತು ಹಾಕಿ ಮೂರು ಕಂಬ ಬರೆಯಿರಿ: ತೊಡಕು ತಂದವರು ಯಾರು, ನಿಜ ಮೊದಲು ಕಂಡವರು ಯಾರು, ಬಿಡಿಸಿದವರು ಯಾರು. ನಗು ಯಾರ ಮೇಲೆ ಬಂತು ಅನ್ನೋದನ್ನ ಲೆಕ್ಕಕ್ಕೆ ತಗೋಬೇಡಿ. ಒಂದು ಪಾತ್ರ ಮೊದಲ ಕಂಬದಲ್ಲಿ ಮಾತ್ರ ಸಿಕ್ಕರೆ ಬರೆದವರು ಅದನ್ನು ದಡ್ಡ ಮಾಡಿದ್ದಾರೆ. ಪಾತ್ರಕ್ಕೆ ಮಾಹಿತಿ ಇಲ್ಲದಿರಬಹುದು, ತಪ್ಪು ಆಸೆ ಇರಬಹುದು. ಹೋದ ವಾರ ಕಲಿತದ್ದನ್ನು ಈ ವಾರ ಮರೆಯಬಾರದು. ಹಾಸ್ಯ ಧಾರಾವಾಹಿಗಳು ಕೆಡೋದು ಇಲ್ಲೇ. ಜನ ನಕ್ಕ ಗುಣವನ್ನೇ ಕಂತಿನಿಂದ ಕಂತಿಗೆ ಹಿಗ್ಗಿಸಿ, ಕೊನೆಗೆ ಗುಣ ಉಳಿದು ಮನುಷ್ಯ ಮಾಯ. ರೋಸೇಶ್ ಆ ಅಂಚಿಗೆ ಹಲವು ಸಲ ಬಂದಿದ್ದಾನೆ. ಇಂಥ ಮನೆಯನ್ನು ಕನ್ನಡ ಸಂಘಗಳ ವೇದಿಕೆಗೆ ಬರೆಯುವವರು ಮೊನಿಷಾಗೆ ಯಾವ ಕನ್ನಡ ಕೊಡ್ತಾರೆ ಅನ್ನೋದೂ ಯೋಚಿಸಬೇಕು.

ಕೊಥ್ರೂಡ ಮಾಸ್ತರ:
ಅಲ್ಲೇ ನನಗ ಸಿಟ್ಟು ಬರೂದು! ಉತ್ತರ ಕರ್ನಾಟಕದ ಮಾತು ಕೊಡತಾರ, ಮತ್ತೇನು. ಕನ್ನಡ ಹಾಸ್ಯದಾಗ ಮನಿಗೆಲಸದವರು, ಪೆದ್ದರು ಅಂದ್ರ ನಮ್ಮ ಭಾಷಾ. ಡಾಕ್ಟರು ಅಂದ್ರ ಪುಸ್ತಕದ ಕನ್ನಡ. ಮಾಯಾನ ಪಟ್ಟಿನ ಬರೆಯುವವರ ಕೈಯಾಗ ಹೋತು ಅಂದ್ರ ಏನು ಮಾಡೂದು? ಬರೀಲಿ, ಆದ್ರ ಸಾಹಿಲನ ಬಾಯಾಗೂ ಧಾರವಾಡ ಮಾತು ಇರಲಿ. ಸರ್ಜನ್ ‘ಹೌದಲ್ರಿ’ ಅಂದ್ರ ಕತ್ತರಿ ಕೈ ಜಾರೂದಿಲ್ಲ.

ಮಾಟುಂಗ ಕಿಟಕಿ:
ಮಾಸ್ತರ ಮಾತು ಒಪ್ಪಿದೆ. ಮುಲುಂಡ್‌ನವರ ಗೆರೆಯ ತಕರಾರನ್ನೂ ಒಪ್ತೀನಿ, ಬುದ್ಧಿಗೂ ಬೆಳೆಸಿದ್ದಕ್ಕೂ ನಡುವೆ ನಾನು ಹಾಕಿದ ಗೋಡೆ ನಿಲ್ಲಲ್ಲ. ಮೂರು ಕಂಬದ ಲೆಕ್ಕಕ್ಕೆ ಮಾತ್ರ ಒಂದು ತಿದ್ದುಪಡಿ: ನಾಲ್ಕನೇ ಕಂಬ ಬೇಕು, ತಪ್ಪು ಒಪ್ಪಿಕೊಂಡವರು ಯಾರು ಅಂತ. ಅದರಲ್ಲಿ ಮಾಯಾ ಹೆಸರು ಎಷ್ಟು ಸಲ ಬರುತ್ತೆ ನೋಡಿ.

ಕಡಲತಡಿ:
ಸಾಹಿಲನ ಹೆಸರೂ ನೋಡಿ. ಎರಡೂ ಮನೆಯ ಭಾಷೆ ಬರುವವನು ಅವನೊಬ್ಬನೇ. ಅಮ್ಮನ ಮಾತನ್ನು ಹೆಂಡತಿಗೆ, ಹೆಂಡತಿಯ ಮಾತನ್ನು ಅಮ್ಮನಿಗೆ ತಿಳಿಸಿ ಹೇಳುವ ಬುದ್ಧಿ ಅವನಿಗುಂಟು. ಆದರೂ ಇಬ್ಬರೂ ಜೋರಾದಾಗ ಅವನಿಗೆ ಸಮಾಧಾನ ಮಾಡುವ ಅವಸರ. ಯಾರದ್ದು ಸರಿ ಅಂತ ಬಿಡಿಸಿ ಹೇಳುದಿಲ್ಲ. ಮೊನಿಷಾಳಿಗೆ ಪರೀಕ್ಷೆ ಇಡುವ ಮೊದಲು ನಾನಾದರೆ ಅವನಿಗೆ ಇಡುತ್ತಿದ್ದೆ.