ಜಂಬಿಟ್ಟಿಗೆಯನ್ನು ಯಾವ ಕಾಲಂನಲ್ಲಿ ಬರೆಸಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಬೀದರಿನವರು. ಏಳನೇ ತರಗತಿಯ ಮಗಳು ನಾಳೆ ಊರಿನ ಕಲ್ಲುಗಳನ್ನು ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ಮೂರು ಕಾಲಂಗಳಲ್ಲಿ ಬರೆದುಕೊಂಡು ಹೋಗಬೇಕು.

ಶಹಾಬಾದ್ ಕಲ್ಲು ಸುಲಭವಾಯಿತು. ಅಡುಗೆಮನೆಯ ಒಡೆದ ಹಾಸುಗಲ್ಲಿನಲ್ಲಿ ಪದರುಗಳು ಕಣ್ಣಿಗೇ ಕಾಣುತ್ತವೆ. ಪುಡಿ ಮಾಡಿ ನಿಂಬೆರಸ ಹಿಂಡಿದೆವು. ಸಣ್ಣಗೆ ನೊರೆ ಬಂತು. ಸುಣ್ಣದ ಕಲ್ಲು, ಅಂದರೆ ಜಲಜಶಿಲೆ.

ಸಿಕ್ಕಿಬಿದ್ದಿರುವುದು ನಮ್ಮ ಕೆಂಪು ಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆಯಲ್ಲಿ. ಕೋಟೆಯ ಕಂದಕ ಕೊರೆದಿರುವುದೂ ಇದರಲ್ಲೇ. ಜೇನುಗೂಡಿನಂತೆ ತೂತುತೂತು, ಮುಟ್ಟಿದರೆ ಬೆರಳಿಗೆಲ್ಲ ಕೆಮ್ಮಣ್ಣು. ನಿಂಬೆರಸಕ್ಕೆ ಏನೂ ಆಗಲಿಲ್ಲ. ಪಕ್ಕದ ಮನೆಯ ನಿವೃತ್ತ ಮಾಸ್ತರರನ್ನು ಕೇಳಿದೆ. ಕೆಳಗಿನ ಕಪ್ಪು ಬಸಾಲ್ಟ್ ಮಳೆ, ಬಿಸಿಲಿಗೆ ಇದ್ದಲ್ಲೇ ಶಿಥಿಲವಾಗಿ, ಕಬ್ಬಿಣದ ಅಂಶ ಉಳಿದು ಹೀಗೆ ಕೆಂಪಾಗಿದೆ ಎಂದರು. ಬಸಾಲ್ಟ್ ಅಗ್ನಿಶಿಲೆ, ಸರಿ. ಆದರೆ ಇದು ಈಗ ಬಸಾಲ್ಟ್ ಅಲ್ಲ. ನೀರು ಹೊತ್ತು ತಂದು ಪದರಾಗಿಸಿದ್ದೂ ಅಲ್ಲ. ‘ಹಾಗಾದರೆ ರೂಪ ಬದಲಾಯಿತಲ್ಲ, ರೂಪಾಂತರ ಶಿಲೆ’ ಎನ್ನುತ್ತಾಳೆ ಮಗಳು! ಅದಕ್ಕೆ ಭೂಮಿಯೊಳಗಿನ ಶಾಖ, ಒತ್ತಡ ಬೇಕೆಂದು ಪುಸ್ತಕದಲ್ಲೇ ಇದೆ.

ವಿಜ್ಞಾನ ಕಲಿಸುವವರು ಯಾರಾದರೂ ಇದ್ದರೆ ಹೇಳಿ: ಜಂಬಿಟ್ಟಿಗೆಯನ್ನು ಈ ಮೂರರಲ್ಲಿ ಒಂದಕ್ಕೆ ಸೇರಿಸಬೇಕೇ, ಇಲ್ಲವೇ ‘ಶಿಥಿಲೀಕರಣದಿಂದ ಆದದ್ದು’ ಎಂದು ನಾಲ್ಕನೇ ಕಾಲಂ ಎಳೆಯಬಹುದೇ?