ಹೀಟ್ ಸಿಂಕ್ ಹಾಕಿದರೂ ಮೋಟಾರ್ ಯಾಕೆ ಕಾಯುತ್ತಿದೆ?

ಪ್ರಶ್ನೆ: ಸರ್, ನನ್ನ ರಿಮೋಟ್ ಕಾರಿನಲ್ಲಿ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಇರುವ ಚಿಕ್ಕ ಡಿಸಿ ಮೋಟಾರ್ ಇದೆ. ಸ್ವಲ್ಪ ಹೊತ್ತು ಓಡಿಸಿದರೆ ಮುಟ್ಟೋಕೆ ಆಗದಷ್ಟು ಕಾಯುತ್ತದೆ. ಬಿಸಿಯನ್ನು ಗಾಳಿಗೆ ಬಿಡುವ ರೆಕ್ಕೆಗಳಿರುವ ಅಲ್ಯೂಮಿನಿಯಂ ಹೀಟ್ ಸಿಂಕ್ ಸಿಕ್ಕಿಸಿದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೂ ದೊಡ್ಡದು ಬೇಕಾ?

ಉತ್ತರ: ಬೇಡ. ಮೊದಲು ಇರುವುದನ್ನೇ ಸರಿಯಾಗಿ ಕೂರಿಸಿ. ತನ್ನ ತನಕ ಬಂದ ಬಿಸಿಯನ್ನಷ್ಟೇ ಹೀಟ್ ಸಿಂಕ್ ಗಾಳಿಗೆ ಬಿಡಬಲ್ಲದು. ಮೋಟಾರಿನ ಮೈಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಅಲ್ಲಿ ಗಾಳಿ ಕೂತಿರುತ್ತದೆ. ಅಲ್ಯೂಮಿನಿಯಂ ಎದುರು ಗಾಳಿ ಬಿಸಿ ದಾಟಿಸುವುದು ಸಾವಿರಾರು ಪಟ್ಟು ಕಡಿಮೆ. ಆದ್ದರಿಂದ ಮೋಟಾರಿನ ಸ್ಟಿಕರ್ ಕಿತ್ತು, ಒರೆಸಿ, ಥರ್ಮಲ್ ಪೇಸ್ಟ್ (ಸಂದು ತುಂಬಿ ಬಿಸಿ ದಾಟಿಸುವ ಲೇಪ) ತೆಳ್ಳಗೆ ಸವರಿ. ದಪ್ಪಗೆ ಮೆತ್ತಿದರೆ ಅದೇ ಅಡ್ಡಿಯಾಗುತ್ತದೆ. ಮೋಟಾರಿನ ಮೈಯಲ್ಲಿರುವ ಗಾಳಿ ತೂತುಗಳನ್ನಂತೂ ಮುಚ್ಚಲೇಬೇಡಿ.

ಇನ್ನೊಂದು ವಿಷಯ. ಬ್ರಷ್ ಮೋಟಾರಿನಲ್ಲಿ ತಾಮ್ರದ ಸುರುಳಿ ಇರುವುದು ತಿರುಗುವ ಭಾಗದಲ್ಲಿ. ಬಿಸಿ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಹೊರಗಿನ ಡಬ್ಬಿ ತಲುಪಲು ಅದು ಒಳಗಿನ ಗಾಳಿಯ ಸಂದನ್ನೂ ದಾಟಬೇಕು. ಹಾಗಾಗಿ ಹೊರಮೈ ತಣ್ಣಗಿದೆ ಅಂತ ಸುಮ್ನೆ ನಂಬಬೇಡಿ, ಒಳಗೆ ಇನ್ನೂ ಜಾಸ್ತಿ ಕಾದಿರುತ್ತದೆ.

ಮತ್ತೊಬ್ಬರ ಪ್ರಶ್ನೆ: ಬ್ರಷ್‌ಲೆಸ್ (ಬ್ರಷ್ ಇಲ್ಲದ ಮೋಟಾರ್) ಆದರೆ ಹೀಟ್ ಸಿಂಕ್‌ನಿಂದ ಹೆಚ್ಚು ಲಾಭ ಅಲ್ವಾ ಸರ್?

ಉತ್ತರ: ಇನ್‌ರನ್ನರ್, ಅಂದರೆ ಒಳಭಾಗ ತಿರುಗುವಂಥದ್ದು, ಆದರೆ ಖಂಡಿತ. ಅದರಲ್ಲಿ ಸುರುಳಿ ಹೊರಗಿನ ಡಬ್ಬಿಗೇ ಅಂಟಿಕೊಂಡಿರುತ್ತದೆ, ಬಿಸಿಗೆ ನೇರ ದಾರಿ. ಔಟ್‌ರನ್ನರ್‌ನಲ್ಲಿ ಹೊರಗಿನ ಡಬ್ಬಿಯೇ ತಿರುಗುತ್ತದೆ, ಹೀಟ್ ಸಿಂಕ್ ಸಿಕ್ಕಿಸೋಕೆ ಜಾಗವೇ ಇಲ್ಲ. ಅಂಥದ್ದನ್ನು ಪ್ಲಾಸ್ಟಿಕ್ ಬದಲು ಲೋಹದ ಪ್ಲೇಟಿಗೆ ಬಿಗಿದರೆ ಬುಡದಿಂದ ಬಿಸಿ ಇಳಿಯುತ್ತದೆ.

ಪ್ರಶ್ನೆ ಕೇಳಿದವರು: ಪೇಸ್ಟ್ ಹಾಕಿದೆ ಸರ್, ಪರವಾಗಿಲ್ಲ ಅನ್ನಿಸುತ್ತಿದೆ. ಎಷ್ಟು ಡಿಗ್ರಿವರೆಗೆ ಚಿಂತೆ ಇಲ್ಲ?

ಉತ್ತರ: ಮೋಟಾರಿನಿಂದ ಮೋಟಾರಿಗೆ ಬೇರೆ, ತಯಾರಕರು ಕೊಟ್ಟ ಮಿತಿಯೇ ಲೆಕ್ಕ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ ಇದ್ದರೆ ಅದು 80 ಡಿಗ್ರಿ ಸೆಲ್ಸಿಯಸ್ ದಾಟಬಾರದು. ದಾಟಿದರೆ ಶಕ್ತಿ ಕಳೆದುಕೊಳ್ಳಬಹುದು, ತಣ್ಣಗಾದ ಮೇಲೂ ಅದು ಪೂರ್ತಿ ವಾಪಸ್ ಬರುವುದಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಮೋಟಾರಿನ ಮೇಲೆ ಕಪ್ಪು ಟೇಪ್ ತುಂಡು ಅಂಟಿಸಿ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ.

ಕಾರಿನ ಬಾಡಿ ಪೂರ್ತಿ ಮುಚ್ಚಿದ್ದರೆ ಹೀಟ್ ಸಿಂಕ್ ರೆಕ್ಕೆಗಳ ನಡುವೆ ಗಾಳಿ ಆಡುವುದಿಲ್ಲ. ಒಂದು ಚಿಕ್ಕ ಫ್ಯಾನ್ ಇಡಿ. ಅದಾದ ಮೇಲೂ ಕಾದರೆ ಮೋಟಾರಿನ ಪಿನಿಯನ್ (ಅದರ ದಂಡದ ಮೇಲಿನ ಚಿಕ್ಕ ಹಲ್ಲಿನ ಚಕ್ರ) ಬದಲಿಸಿ, ಕಡಿಮೆ ಹಲ್ಲಿನದು ಹಾಕಿ. ಟಾಪ್ ಸ್ಪೀಡ್ ಸ್ವಲ್ಪ ಇಳಿಯುತ್ತದೆ, ಆದರೆ ಮೋಟಾರ್ ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ. ಕರೆಂಟ್ ಅರ್ಧಕ್ಕಿಳಿದರೆ ಸುರುಳಿಯಲ್ಲಿ ಹುಟ್ಟುವ ಬಿಸಿ ಕಾಲು ಭಾಗಕ್ಕಿಳಿಯುತ್ತದೆ.